ಶಸ್ತ್ರವೈದ್ಯರ ಬೆರಳ ತುದಿಯಲ್ಲಿ ಪ್ರತಿಧ್ವನಿ

ದೇಹದ ಒಳಗನ್ನು ತೋರಿಸುವ ಯಂತ್ರ ಗಾತ್ರದಲ್ಲಿ ದೊಡ್ಡದಾದಷ್ಟೂ, ಬೆಲೆಯಲ್ಲಿ ಹೆಚ್ಚಾದಷ್ಟೂ ಅದರ ನೋಟ ಸೂಕ್ಷ್ಮವಾಗಿರುತ್ತದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ಓದಿದವರೂ ಇದಕ್ಕೆ ಹೊರತಲ್ಲ. ಕೋಣೆಯನ್ನೇ ತುಂಬುವ ಎಂ.ಆರ್.ಐ. ಯಂತ್ರದ ಮುಂದೆ, ಅಂಗೈಯಲ್ಲಿ ಹಿಡಿಯಬಹುದಾದ ಸ್ಕ್ಯಾನಿಂಗ್ ಸಾಧನ ಬಡವರ ಪಾಲಿನ ಉಪಕರಣವೆಂದೇ ಅನೇಕರ ಎಣಿಕೆ. ಈ ಎಣಿಕೆ ಭೌತವಿಜ್ಞಾನದ ದೃಷ್ಟಿಯಿಂದಲೂ ತಪ್ಪು, ಚಿಕಿತ್ಸೆಯ ದೃಷ್ಟಿಯಿಂದಲೂ ತಪ್ಪು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ, ತೆರೆದ ಅಂಗದ ಮೇಲೆ ನೇರವಾಗಿ ಇಟ್ಟು ಒಳಗನ್ನು ನೋಡುವ ಶ್ರವಣಾತೀತ ಶಬ್ದದ ಶೋಧಕವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೈದ್ಯರು ಇದನ್ನು ‘ಪ್ರೋಬ್’ ಎನ್ನುತ್ತಾರೆ. ನಾವು ಶೋಧಕವೆಂದೇ ಕರೆಯೋಣ.

ಶಸ್ತ್ರವೈದ್ಯರ ಕಷ್ಟವೇನೆಂಬುದನ್ನು ಮೊದಲು ತಿಳಿಯಬೇಕು. ಹೊಟ್ಟೆಯನ್ನು ತೆರೆದ ಮಾತ್ರಕ್ಕೆ ಯಕೃತ್ತಿನ ಒಳಗು ಕಾಣುವುದಿಲ್ಲ. ಕಾಣುವುದು ಅದರ ಕಂದುಗೆಂಪು ಹೊರಮೈ ಮಾತ್ರ. ಗೆಡ್ಡೆ ಮೂರು ನಾಲ್ಕು ಸೆಂಟಿಮೀಟರು ಆಳದಲ್ಲಿರಬಹುದು. ಅದಕ್ಕೂ ವೈದ್ಯರ ಕತ್ತಿಗೂ ನಡುವೆ ದೊಡ್ಡ ರಕ್ತನಾಳವೊಂದು ಹಾದುಹೋಗಿರಬಹುದು. ಬೆರಳಿನಿಂದ ಒತ್ತಿ ನೋಡಿ ಗಟ್ಟಿಯಾದ ಭಾಗವನ್ನು ಗುರುತಿಸುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಚಿಕ್ಕ ಗೆಡ್ಡೆ, ಮೆತ್ತನೆಯ ಗೆಡ್ಡೆ, ಆಳದ ಗೆಡ್ಡೆ ಬೆರಳಿಗೆ ಸಿಕ್ಕುವುದಿಲ್ಲ. ಮಿದುಳಿನ ವಿಷಯದಲ್ಲಂತೂ ಹಾಗೆ ಒತ್ತಿ ನೋಡುವಂತೆಯೇ ಇಲ್ಲ. ಕಡಿಮೆ ಕತ್ತರಿಸಿದರೆ ರೋಗದ ಬೇರು ಉಳಿಯುತ್ತದೆ. ಹೆಚ್ಚು ಕತ್ತರಿಸಿದರೆ ರೋಗಿಯ ಮಾತೋ ಕೈಕಾಲಿನ ಚಲನೆಯೋ ಹೋಗಬಹುದು. ಕೆಲವೇ ಮಿಲಿಮೀಟರುಗಳ ಅಂತರದ ಮೇಲೆ ಒಬ್ಬ ಮನುಷ್ಯನ ಮುಂದಿನ ಬಾಳು ನಿಂತಿರುತ್ತದೆ.

ನಿನ್ನೆಯ ನಕ್ಷೆ

‘ಶಸ್ತ್ರಚಿಕಿತ್ಸೆಗೆ ಮೊದಲೇ ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ತೆಗೆದಿರುತ್ತಾರಲ್ಲ, ಮತ್ತೆ ನೋಡುವ ಅಗತ್ಯವೇನು?’ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಆ ಚಿತ್ರಗಳು ಅಮೂಲ್ಯವಾದುವೆಂಬುದರಲ್ಲಿ ಸಂದೇಹವಿಲ್ಲ. ರೋಗವಿದೆಯೆ, ಎಲ್ಲಿದೆ, ಶಸ್ತ್ರಚಿಕಿತ್ಸೆ ಸಾಧ್ಯವೆ ಎಂಬುದನ್ನು ನಿಶ್ಚಯಿಸುವುದು ಅವುಗಳಿಂದಲೇ. ಆದರೆ ಅವು ನಿನ್ನೆಯ ನಕ್ಷೆಗಳು. ಹೊಳೆ ಪಾತ್ರವನ್ನು ಬದಲಿಸಿದ ಮೇಲೆ ಹಳೆಯ ನಕ್ಷೆಯನ್ನು ನಂಬಿ ದೋಣಿ ನಡೆಸುವುದು ಜಾಣತನವಲ್ಲ.

ಮಿದುಳು ಅತ್ಯಂತ ಮೃದುವಾದ ಅಂಗ. ತಲೆಬುರುಡೆಯೊಳಗೆ ದ್ರವವೊಂದು ಅದನ್ನು ಸುತ್ತುವರಿದು ತೇಲಿಸಿಟ್ಟಿರುತ್ತದೆ. ಬುರುಡೆಯನ್ನು ತೆರೆದು ಪೊರೆಯನ್ನು ಬಿಡಿಸಿದೊಡನೆ ಈ ದ್ರವದ ಸ್ವಲ್ಪ ಭಾಗ ಹೊರಹೋಗುತ್ತದೆ. ಗುರುತ್ವದ ಸೆಳೆತಕ್ಕೆ ಮಿದುಳು ಕುಸಿಯುತ್ತದೆ. ಕೆಲವೊಮ್ಮೆ ಊದಿಕೊಂಡು ಮೇಲಕ್ಕೇಳುವುದೂ ಉಂಟು. ಗೆಡ್ಡೆಯ ಭಾಗವೊಂದನ್ನು ತೆಗೆದಾಗ ಉಳಿದ ಭಾಗ ಆ ತೆರವಿನ ಕಡೆಗೆ ಸರಿಯುತ್ತದೆ. ಈ ಸರಿತ ಒಮ್ಮೊಮ್ಮೆ ಒಂದು ಸೆಂಟಿಮೀಟರನ್ನೂ ಮೀರುತ್ತದೆ. ಹಿಂದಿನ ದಿನದ ಚಿತ್ರವನ್ನು ಗಣಕಯಂತ್ರದಲ್ಲಿಟ್ಟುಕೊಂಡು ದಾರಿ ತೋರಿಸುವ ಆಧುನಿಕ ವ್ಯವಸ್ಥೆಗಳು ಬಂದಿವೆ, ನಿಜ. ಮಿದುಳು ಸರಿದ ಮೇಲೆ ಅವು ತೋರಿಸುವ ದಾರಿಯೂ ಅಷ್ಟೇ ದೂರ ತಪ್ಪುತ್ತದೆ. ಮೊದಲು ಹೇಳಿದ ಮಿಲಿಮೀಟರುಗಳ ಲೆಕ್ಕವನ್ನು ಇದರೊಡನೆ ಹೋಲಿಸಿ ನೋಡಿದರೆ ತೊಂದರೆಯ ಪ್ರಮಾಣ ತಿಳಿಯುತ್ತದೆ. ಯಕೃತ್ತು ಕೂಡ ಕೈಯಿಂದ ಎತ್ತಿ ಹೊರಳಿಸಿದಾಗ ಆಕಾರ ಬದಲಿಸುವ ಅಂಗವೇ. ಆದ್ದರಿಂದ ಶಸ್ತ್ರವೈದ್ಯರಿಗೆ ಬೇಕಾದುದು ಆ ಕ್ಷಣದ ಚಿತ್ರ.

ಹತ್ತಿರ ಹೋದವರಿಗೆ ದೊರೆಯುವ ಲಾಭ

ಆ ಕ್ಷಣದ ಚಿತ್ರವನ್ನು ಶಬ್ದ ಹೇಗೆ ಕೊಡುತ್ತದೆ? ತತ್ತ್ವ ಸರಳವಾದುದು. ಮನುಷ್ಯನ ಕಿವಿಗೆ ಕೇಳುವ ಶಬ್ದ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ಮಿತಿಯಲ್ಲಿದೆ. ಅದಕ್ಕೆ ಮೇಲ್ಪಟ್ಟುದು ಶ್ರವಣಾತೀತ ಶಬ್ದ. ವೈದ್ಯರ ಶೋಧಕದಲ್ಲಿ ಈ ಸಂಖ್ಯೆ ಲಕ್ಷಗಳನ್ನು ದಾಟಿ ಕೋಟಿಯ ಸುತ್ತಮುತ್ತ ಇರುತ್ತದೆ. 1880ರಲ್ಲಿ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲೆ ವಿದ್ಯುತ್ತು ಕಾಣಿಸಿಕೊಳ್ಳುವುದನ್ನು ಕಂಡುಹಿಡಿದರು. ಇದು ತಿರುಗುಮುರುಗಾಗಿಯೂ ನಡೆಯುತ್ತದೆ: ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತದೆ. ಹೀಗೆ ಒಂದೇ ಹರಳು ಬಾಯಿಯೂ ಹೌದು, ಕಿವಿಯೂ ಹೌದು. ಅದು ಶಬ್ದದ ಕಿರುಮಿಡಿತವನ್ನು ಹೊರಡಿಸಿ, ಮರುಕ್ಷಣ ಸುಮ್ಮನಾಗಿ, ಒಳಗಿನಿಂದ ಬರುವ ಪ್ರತಿಧ್ವನಿಗೆ ಕಿವಿಗೊಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜ್ವೆ ಇಂಥ ಹರಳುಗಳನ್ನು ಬಳಸಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಪತ್ತೆಮಾಡುವ ಪ್ರಯೋಗಗಳನ್ನು ನಡೆಸಿದರು. ಇಂದಿನ ಶೋಧಕಗಳಲ್ಲಿ ಹರಳಿನ ಸ್ಥಾನವನ್ನು ವಿಶೇಷ ಪಿಂಗಾಣಿಯ ತೆಳುಹಲ್ಲೆಗಳು ಪಡೆದಿವೆ.

ಮೃದುವಾದ ಅಂಗಾಂಶಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸರಾಸರಿ 1,540 ಮೀಟರು. ಐದು ಸೆಂಟಿಮೀಟರು ಆಳಕ್ಕೆ ಹೋಗಿ ಹಿಂತಿರುಗಲು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೇವಲ 65 ಭಾಗಗಳಷ್ಟು ಕಾಲ ಸಾಕು. ಒಂದು ಚಿತ್ರಕ್ಕೆ ಇನ್ನೂರು ಗೆರೆಗಳು ಬೇಕೆಂದಿಟ್ಟುಕೊಂಡರೂ ಸೆಕೆಂಡಿಗೆ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ಪಡೆಯಬಹುದು. ರಕ್ತನಾಳದ ಮಿಡಿತವೂ ಒಳಸೇರುವ ಸೂಜಿಯ ತುದಿಯೂ ಚಲಚ್ಚಿತ್ರದಂತೆ ತೆರೆಯ ಮೇಲೆ ಕಾಣುವುದು ಇದರಿಂದಲೇ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾದ ವಸ್ತುಗಳನ್ನು ಆ ಅಲೆಯಿಂದ ಬೇರೆ ಬೇರೆಯಾಗಿ ಗುರುತಿಸಲಾಗದೆಂಬುದು ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. 3.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರ 0.44 ಮಿಲಿಮೀಟರು, 10 ಮೆಗಾಹರ್ಟ್ಸ್ ಆವೃತ್ತಿಯಲ್ಲಿ 0.15 ಮಿಲಿಮೀಟರು. ಹಾಗಾದರೆ ಯಾವಾಗಲೂ ಹೆಚ್ಚಿನ ಆವೃತ್ತಿಯನ್ನೇ ಏಕೆ ಬಳಸಬಾರದು? ಪ್ರಕೃತಿ ಇಲ್ಲಿ ಒಂದು ಸುಂಕವನ್ನು ವಿಧಿಸಿದೆ. ಆವೃತ್ತಿ ಹೆಚ್ಚಿದಂತೆಲ್ಲ ಅಂಗಾಂಶ ಶಬ್ದವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಒಂದು ಮೆಗಾಹರ್ಟ್ಸಿಗೆ ಒಂದು ಸೆಂಟಿಮೀಟರು ದಾರಿಯಲ್ಲಿ ಅರ್ಧ ಡೆಸಿಬೆಲ್ಲಿನಷ್ಟು ಶಬ್ದ ನಷ್ಟವಾಗುತ್ತದೆ.

ಕಾಗದ, ಸೀಸದಕಡ್ಡಿ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಹೊಟ್ಟೆಯ ಹೊರಗಿನಿಂದ 15 ಸೆಂಟಿಮೀಟರು ಆಳದ ಗೆಡ್ಡೆಯನ್ನು 10 ಮೆಗಾಹರ್ಟ್ಸಿನಲ್ಲಿ ನೋಡಬೇಕಾದರೆ, ಹೋಗಿ ಬರುವ ದಾರಿ 30 ಸೆಂಟಿಮೀಟರು. ನಷ್ಟ 150 ಡೆಸಿಬೆಲ್. ಪ್ರತಿ ಹತ್ತು ಡೆಸಿಬೆಲ್ಲಿಗೆ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿಯುವುದರಿಂದ, ಹಿಂತಿರುಗುವುದು ಒಂದರ ಮುಂದೆ ಹದಿನೈದು ಸೊನ್ನೆಗಳನ್ನಿಟ್ಟ ಸಂಖ್ಯೆಯಲ್ಲಿ ಒಂದು ಪಾಲು ಮಾತ್ರ. ಇದನ್ನು ಕೇಳಬಲ್ಲ ಕಿವಿ ಯಾವ ಶೋಧಕಕ್ಕೂ ಇಲ್ಲ. ಅದೇ ಶೋಧಕವನ್ನು ಅಂಗದ ಮೈಮೇಲೆಯೇ ಇಟ್ಟು ಮೂರು ಸೆಂಟಿಮೀಟರು ಆಳವನ್ನು ನೋಡಿದರೆ ದಾರಿ ಆರು ಸೆಂಟಿಮೀಟರು. ನಷ್ಟ 30 ಡೆಸಿಬೆಲ್, ಅಂದರೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಈ ಲೆಕ್ಕದಲ್ಲಿ ಹೀರಿಕೆಯನ್ನಷ್ಟೇ ಗಣಿಸಿದೆ. ಪ್ರತಿಫಲನದಲ್ಲಿ ಆಗುವ ನಷ್ಟ ಬೇರೆ. ಆದರೂ ಎರಡರ ನಡುವಣ ಅಜಗಜಾಂತರ ಸ್ಪಷ್ಟವಾಗಿದೆ. ಯಂತ್ರವನ್ನು ದೊಡ್ಡದು ಮಾಡುವುದರಿಂದ ದೊರೆಯದ ಸೂಕ್ಷ್ಮತೆ ಹನ್ನೆರಡು ಸೆಂಟಿಮೀಟರು ಹತ್ತಿರ ಹೋಗುವುದರಿಂದ ದೊರೆಯಿತು. ನನ್ನ ವಾದದ ತಿರುಳು ಇಷ್ಟೇ.

ಬುರುಡೆ ಕಲಿಸಿದ ಪಾಠ

ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. 1942ರಲ್ಲಿ ಆಸ್ಟ್ರಿಯದ ನರವೈದ್ಯ ಕಾರ್ಲ್ ಡುಸ್ಸಿಕ್ ತಲೆಬುರುಡೆಯ ಮೂಲಕ ಶ್ರವಣಾತೀತ ಶಬ್ದವನ್ನು ಹಾಯಿಸಿ ಮಿದುಳಿನ ಒಳಕುಹರಗಳ ಚಿತ್ರವನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದರು. ವಿದ್ವಾಂಸರಲ್ಲಿ ಬಹು ಆಸೆ ಹುಟ್ಟಿತು. ಆದರೆ ಮಿದುಳಿಲ್ಲದ ಬರಿಯ ಬುರುಡೆಯನ್ನಿಟ್ಟು ಪರೀಕ್ಷಿಸಿದಾಗಲೂ ಬಹುಮಟ್ಟಿಗೆ ಅಂಥದೇ ಚಿತ್ರ ಬರುತ್ತದೆಂಬುದು 1950ರ ದಶಕದ ಆರಂಭದಲ್ಲಿ ಗೊತ್ತಾಯಿತು. ಅವರು ಮಿದುಳೆಂದು ಕಂಡುದು ಮೂಳೆಯ ನೆರಳು. ಡುಸ್ಸಿಕ್ಕರ ಸಾಹಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೊದಲ ಹೆಜ್ಜೆಯಿಟ್ಟವರ ಋಣ ದೊಡ್ಡದು. ಚಿತ್ರ ಮೂಡಿದ ಮಾತ್ರಕ್ಕೆ ಸತ್ಯ ಕಂಡಿತೆಂದು ಭಾವಿಸಬಾರದೆಂಬ ಎಚ್ಚರಿಕೆಯನ್ನು ಮಾತ್ರ ಈ ಪ್ರಸಂಗದಿಂದ ಕಲಿಯಬೇಕು.

ಮೂಳೆ ಅಡ್ಡಿಯಾಗುವುದಾದರೆ ಮೂಳೆಯನ್ನು ತೆರೆದ ಮೇಲೆ ನೋಡಬಹುದಲ್ಲ! 1950ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಲೈಲ್ ಫ್ರೆಂಚ್, ಜಾನ್ ವೈಲ್ಡ್ ಮತ್ತು ಡೊನಾಲ್ಡ್ ನೀಲ್ ಅವರು ಮರಣಾನಂತರ ತೆಗೆದ ಮಿದುಳುಗಳನ್ನು ಪರೀಕ್ಷಿಸಿ, ಗೆಡ್ಡೆಯಿಂದ ಬರುವ ಪ್ರತಿಧ್ವನಿ ಆರೋಗ್ಯವಂತ ಭಾಗದ ಪ್ರತಿಧ್ವನಿಗಿಂತ ಬೇರೆಯಾಗಿರುವುದನ್ನು ತೋರಿಸಿದರು. 1961ರಲ್ಲಿ ಶ್ಲೇಗಲ್ ಮತ್ತು ಸಂಗಡಿಗರು ಮೂತ್ರಪಿಂಡದೊಳಗಿನ ಕಲ್ಲುಗಳ ನೆಲೆಯನ್ನು ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಪ್ರತಿಧ್ವನಿಯಿಂದ ಗುರುತಿಸಿದ ವರದಿಯನ್ನು ಪ್ರಕಟಿಸಿದರು. ಆಗಿನ ತೆರೆಯ ಮೇಲೆ ಚಿತ್ರವಿರಲಿಲ್ಲ. ಮೇಲೆದ್ದು ಕೆಳಗಿಳಿಯುವ ಮೊನೆಗಳಷ್ಟೇ ಇದ್ದುವು. ಅದನ್ನು ಓದಬಲ್ಲವರು ವಿರಳವಾದ್ದರಿಂದ ವಿಧಾನ ಹೆಚ್ಚು ಹಬ್ಬಲಿಲ್ಲ. ಚಲಿಸುವ ಚಿತ್ರವನ್ನು ಕೊಡುವ ಯಂತ್ರಗಳು 1970ರ ದಶಕದ ಕೊನೆಯಲ್ಲಿ ಬಂದ ಮೇಲೆ ಈ ವಿದ್ಯೆಗೆ ಮರುಹುಟ್ಟು ದೊರೆಯಿತು.

ಅದರ ಅತ್ಯುತ್ತಮ ನಿದರ್ಶನ ಜಪಾನಿನದು. ಅಲ್ಲಿ ಯಕೃತ್ತಿನ ಕ್ಯಾನ್ಸರು ಬಂದ ಅನೇಕ ರೋಗಿಗಳ ಯಕೃತ್ತು ಮೊದಲೇ ಗಡುಸಾಗಿ ಬಲಗುಂದಿರುತ್ತಿತ್ತು. ಗೆಡ್ಡೆಯ ಜೊತೆಗೆ ದೊಡ್ಡ ಭಾಗವನ್ನು ತೆಗೆದರೆ ಉಳಿದ ಭಾಗದಿಂದ ರೋಗಿ ಬದುಕುವಂತಿರಲಿಲ್ಲ. ಮಸಾತೋಶಿ ಮಕುಉಚಿ ಎಂಬ ಶಸ್ತ್ರವೈದ್ಯರು ಯಕೃತ್ತಿನ ಮೇಲೆ ಶೋಧಕವನ್ನಿಟ್ಟು, ಗೆಡ್ಡೆಯಿರುವ ಭಾಗಕ್ಕೆ ಕರುಳಿನ ಕಡೆಯಿಂದ ರಕ್ತ ತರುವ ನಾಳದ ಕವಲನ್ನು ತೆರೆಯ ಮೇಲೆ ಹುಡುಕಿ, ಅದರೊಳಕ್ಕೆ ಸೂಜಿಯಿಂದ ಬಣ್ಣವನ್ನು ಹಾಯಿಸಿದರು. ಆ ಕವಲು ಪೋಷಿಸುವ ಭಾಗವಷ್ಟೇ ಬಣ್ಣಗೊಂಡು ಹೊರಮೈಯಲ್ಲಿ ಎದ್ದು ಕಂಡಿತು. ಬಣ್ಣದ ಅಂಚಿನುದ್ದಕ್ಕೂ ಕತ್ತರಿಸಿದರೆ ರೋಗದ ಭಾಗ ಹೋಗಿ, ಉಳಿಯಬೇಕಾದ ಭಾಗ ಉಳಿಯಿತು. 1985ರಲ್ಲಿ ಪ್ರಕಟವಾದ ಈ ವಿಧಾನ ಇಂದು ಜಗತ್ತಿನಾದ್ಯಂತ ಪ್ರಸಿದ್ಧ. ಇಲ್ಲಿ ಬಳಸಿದ ಸಾಮಗ್ರಿಯನ್ನು ಎಣಿಸಿ ನೋಡಿ: ಒಂದು ಶೋಧಕ, ಒಂದು ಸೂಜಿ, ಸ್ವಲ್ಪ ಬಣ್ಣ. ಉಳಿದುದೆಲ್ಲ ಬುದ್ಧಿ.

ಹೃದಯದ ವಿಷಯದಲ್ಲಿ ಹತ್ತಿರ ಹೋಗುವ ದಾರಿ ಇನ್ನೂ ಸ್ವಾರಸ್ಯಕರವಾದುದು. ಎದೆಯ ಮುಂಭಾಗದಲ್ಲಿ ಪಕ್ಕೆಲುಬುಗಳೂ ಗಾಳಿ ತುಂಬಿದ ಶ್ವಾಸಕೋಶಗಳೂ ಶಬ್ದಕ್ಕೆ ಅಡ್ಡಬರುತ್ತವೆ. ಆದರೆ ಅನ್ನನಾಳ ಹೃದಯದ ಹಿಂಬದಿಗೆ ಅಂಟಿಕೊಂಡಂತೆಯೇ ಇಳಿಯುತ್ತದೆ. ತೆಳುವಾದ ಕೊಳವೆಯ ತುದಿಯಲ್ಲಿ ಪುಟ್ಟ ಶೋಧಕವನ್ನು ಕೂರಿಸಿ ಅನ್ನನಾಳದೊಳಕ್ಕೆ ಇಳಿಸಿದರೆ ಹೃದಯದ ಕವಾಟಗಳು ಸ್ಪಷ್ಟವಾಗಿ ಕಾಣುತ್ತವೆ. ಕವಾಟವನ್ನು ಸರಿಪಡಿಸಿ ಹೃದಯ ಮತ್ತೆ ಮಿಡಿಯತೊಡಗಿದಾಗ, ಎದೆಯನ್ನು ಹೊಲಿದು ಮುಚ್ಚುವ ಮೊದಲೇ ಕವಾಟ ಸೋರುತ್ತಿದೆಯೆ ಎಂದು ನೋಡಬಹುದು. ಸೋರಿದರೆ ಅಲ್ಲಿಯೇ ತಿದ್ದಬಹುದು. ತಿಂಗಳಾದ ಮೇಲೆ ದೋಷವನ್ನು ಕಂಡು ಎದೆಯನ್ನು ಎರಡನೆಯ ಬಾರಿ ತೆರೆಯುವುದಕ್ಕೂ ಇದಕ್ಕೂ ಎಷ್ಟು ಅಂತರ!

ಆಕ್ಷೇಪಗಳು

ಈ ವಿಧಾನದ ವಿರುದ್ಧ ಹೇಳಬಹುದಾದ ಮಾತುಗಳಿಲ್ಲದಿಲ್ಲ. ಅವುಗಳನ್ನು ಮರೆಮಾಚುವುದು ವಿಜ್ಞಾನಕ್ಕೆ ಒಪ್ಪುವ ನಡತೆಯಲ್ಲ.

ಮೊದಲನೆಯದಾಗಿ, ಶಬ್ದದ ಚಿತ್ರ ಎಂ.ಆರ್.ಐ. ಚಿತ್ರದಂತೆ ನುಣುಪಾಗಿರುವುದಿಲ್ಲ, ಕಾಳು ಕಾಳಾಗಿರುತ್ತದೆ. ಶೋಧಕವನ್ನು ಹಿಡಿದ ಕೈ ಸ್ವಲ್ಪ ವಾಲಿದರೂ ಚಿತ್ರ ಬದಲಾಗುತ್ತದೆ. ಎರಡನೆಯದಾಗಿ, ಅದು ಮೋಸಗೊಳಿಸುವುದೂ ಉಂಟು. ಗಾಳಿಯ ತೆಳುಪದರವಿದ್ದರೂ ಶಬ್ದದ ಬಹುಪಾಲು ಅಲ್ಲಿಂದಲೇ ಹಿಂತಿರುಗಿಬಿಡುವುದರಿಂದ, ಮಿದುಳಿನ ಗೆಡ್ಡೆಯನ್ನು ತೆಗೆದ ಕುಳಿಯನ್ನು ಶುದ್ಧವಾದ ಲವಣಜಲದಿಂದ ತುಂಬಿ ಅದರ ಮೂಲಕ ನೋಡುತ್ತಾರೆ. ಆದರೆ ಲವಣಜಲ ಶಬ್ದವನ್ನು ಹೀರುವುದು ಅತ್ಯಲ್ಪ. ಯಂತ್ರಕ್ಕೆ ಈ ಸಂಗತಿ ತಿಳಿಯದು. ಅದು ದಾರಿಯುದ್ದಕ್ಕೂ ಅಂಗಾಂಶವೇ ಇದೆಯೆಂದು ಎಣಿಸಿ, ಆಳದಿಂದ ಬರುವ ಪ್ರತಿಧ್ವನಿಯನ್ನು ಎಂದಿನಂತೆ ಹಿಗ್ಗಿಸುತ್ತದೆ. ಫಲವಾಗಿ ಕುಳಿಯ ತಳ ಇರಬೇಕಾದುದಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಮಿದುಳಿನ ಅನೇಕ ಗೆಡ್ಡೆಗಳೂ ಬೆಳ್ಳಗೇ ಕಾಣುವುದರಿಂದ, ಅನುಭವವಿಲ್ಲದವರು ಈ ಹೊಳಪನ್ನು ಉಳಿದ ಗೆಡ್ಡೆಯೆಂದು ಭ್ರಮಿಸಿ ಆರೋಗ್ಯವಾದ ಮಿದುಳನ್ನೇ ಕತ್ತರಿಸುವ ಅಪಾಯವಿದೆ.

ಇದು ಗಂಭೀರವಾದ ಆಕ್ಷೇಪ. ಆದರೆ ಪರಿಹಾರವೂ ಭೌತವಿಜ್ಞಾನದಿಂದಲೇ ಬಂದಿರುವುದನ್ನು ಗಮನಿಸಬೇಕು. ಶೋಧಕವನ್ನು ಬೇರೆ ಬೇರೆ ದಿಕ್ಕುಗಳಿಂದ ಇಟ್ಟು ನೋಡಿದರೆ ನಿಜವಾದ ಗೆಡ್ಡೆ ತನ್ನ ನೆಲೆಯಲ್ಲಿಯೇ ನಿಲ್ಲುತ್ತದೆ, ಹುಸಿ ಹೊಳಪು ದಿಕ್ಕಿನೊಡನೆ ಬದಲಾಗುತ್ತದೆ. ಗೆಡ್ಡೆಯನ್ನು ತೆಗೆಯುವ ಮೊದಲೇ ಒಮ್ಮೆ, ತೆಗೆಯುತ್ತಿರುವಾಗ ಮತ್ತೆ ಮತ್ತೆ ನೋಡಿದರೆ ಹೋಲಿಕೆಗೆ ಆಧಾರ ದೊರೆಯುತ್ತದೆ. ಲವಣಜಲದ ಬದಲು ಮಿದುಳಿನಷ್ಟೇ ಶಬ್ದವನ್ನು ಹೀರುವ ದ್ರವವನ್ನು ತುಂಬುವ ಪ್ರಯತ್ನ ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ನಡೆದಿದೆ. ದೋಷದ ಕಾರಣ ತಿಳಿದವರಿಗೆ ಮಾತ್ರ ಹೊಳೆಯುವ ಉಪಾಯಗಳಿವು. ಯಂತ್ರವನ್ನು ಕೊಂಡುಕೊಳ್ಳುವವರಿಗೂ ಅದನ್ನು ತಿಳಿದುಕೊಂಡವರಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೇ ಎಂ.ಆರ್.ಐ. ಯಂತ್ರವನ್ನು ಸ್ಥಾಪಿಸಿದ ಆಸ್ಪತ್ರೆಗಳೂ ಜಗತ್ತಿನಲ್ಲಿವೆ. ಅದರ ಚಿತ್ರದ ಗುಣ ಶ್ರೇಷ್ಠವೆಂಬುದನ್ನು ಒಪ್ಪಬೇಕು. ಆದರೆ ಅದಕ್ಕೆ ವಿಶೇಷವಾಗಿ ಕಟ್ಟಿದ ಕೋಣೆ ಬೇಕು, ಅಯಸ್ಕಾಂತಕ್ಕೆ ಸೆಳೆಯದ ಉಪಕರಣಗಳು ಬೇಕು, ಪ್ರತಿಯೊಂದು ನೋಟಕ್ಕೂ ಕೆಲಸವನ್ನು ನಿಲ್ಲಿಸಿ ಕಾಯಬೇಕು, ವೆಚ್ಚವಂತೂ ಕೋಟಿಗಳಲ್ಲಿ. ಶೋಧಕವನ್ನಾದರೋ ಶುದ್ಧವಾದ ತೆಳುಹೊದಿಕೆಯಲ್ಲಿ ಸುತ್ತಿ ಬೇಕೆಂದಾಗ ಕೈಗೆತ್ತಿಕೊಂಡು ಅರೆನಿಮಿಷದಲ್ಲಿ ನೋಡಿ ಕೆಳಗಿಡಬಹುದು. ವಿಕಿರಣದ ಭಯವಿಲ್ಲ. ಜಿಲ್ಲಾ ಕೇಂದ್ರದ ಆಸ್ಪತ್ರೆಯೂ ಭರಿಸಬಹುದಾದ ಸಾಧನವಿದು. ಎಲ್ಲ ಆಸ್ಪತ್ರೆಗಳಿಗೂ ದೊಡ್ಡ ಯಂತ್ರ ಬರುವವರೆಗೆ ಕಾಯೋಣವೆನ್ನುವುದು ಕಾಯಲಾಗದ ರೋಗಿಗೆ ಹೇಳುವ ಮಾತಲ್ಲ.

ನಮ್ಮ ಪಾಲಿನ ಕರ್ತವ್ಯ

ಹೀಗಿರುವಾಗ ಮಾಡಬೇಕಾದುದೇನು? ನನಗೆ ತೋರುವಂತೆ, ಯಂತ್ರಕ್ಕೆ ಹಣ ಮೀಸಲಿಡುವಾಗಲೇ ಅದನ್ನು ಓದಬಲ್ಲವರ ತರಬೇತಿಗೂ ಹಣ ಮೀಸಲಿಡಬೇಕು. ಶಸ್ತ್ರವೈದ್ಯರಾಗಲು ಕಲಿಯುತ್ತಿರುವವರು ಕತ್ತಿ ಹಿಡಿಯುವುದನ್ನು ಅಭ್ಯಾಸ ಮಾಡುವಂತೆ ಶೋಧಕ ಹಿಡಿಯುವುದನ್ನೂ ಅಭ್ಯಾಸ ಮಾಡಬೇಕು. ಚಿತ್ರ ಹೇಗೆ ಹುಟ್ಟುತ್ತದೆ, ಎಲ್ಲಿ ಸುಳ್ಳಾಡುತ್ತದೆ ಎಂಬುದನ್ನು ಅವರಿಗೆ ತಿಳಿಸಲು ದೊಡ್ಡ ಆಸ್ಪತ್ರೆಗಳಲ್ಲಿ ಭೌತವಿಜ್ಞಾನಿಗಳಿರಬೇಕು. ಓದಲು ಬಾರದವರ ಕೈಯಲ್ಲಿ ಶೋಧಕ ನಿಷ್ಪ್ರಯೋಜಕವಷ್ಟೇ ಆಗಿ ಉಳಿಯದು, ಅಪಾಯಕಾರಿಯೂ ಆದೀತು.

ಇನ್ನೊಂದು ಮಾತು ನನ್ನಂಥ ಅಧ್ಯಾಪಕರಿಗೂ ನಮ್ಮ ವಿದ್ಯಾರ್ಥಿಗಳಿಗೂ ಸಂಬಂಧಿಸಿದುದು. ಪಠ್ಯಪುಸ್ತಕದಲ್ಲಿ ಶ್ರವಣಾತೀತ ಶಬ್ದಕ್ಕೆ ಸಿಕ್ಕುವುದು ಒಂದೆರಡು ಪುಟ. ಬಾವಲಿ, ಜಲಾಂತರ್ಗಾಮಿ, ಲೋಹದೊಳಗಿನ ಬಿರುಕು ಎಂದು ಉಪಯೋಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ಮುಗಿಯಿತು. ಅನೇಕ ಕಾಲೇಜುಗಳ ಪ್ರಯೋಗಾಲಯದಲ್ಲಿ ದ್ರವಗಳಲ್ಲಿ ಈ ಶಬ್ದದ ವೇಗವನ್ನು ಅಳೆಯುವ ಉಪಕರಣವಿದೆ. ವಿದ್ಯಾರ್ಥಿಗಳು ವೇಗವನ್ನು ಕಂಡುಹಿಡಿದು, ಸಹಿ ಹಾಕಿಸಿಕೊಂಡು ಹೊರಡುತ್ತಾರೆ. ಇದರ ಜೊತೆಗೆ, ಒಮ್ಮೆ ನೀರಿನಲ್ಲಿಯೂ ಒಮ್ಮೆ ಹರಳೆಣ್ಣೆಯಲ್ಲಿಯೂ ಶಬ್ದ ಎಷ್ಟೆಷ್ಟು ಕುಗ್ಗುತ್ತದೆಂಬುದನ್ನು ಏಕೆ ಅಳೆಯಬಾರದು? ನೀರಿನಲ್ಲಿ ಸ್ವಲ್ಪವೂ ದಣಿಯದಂತೆ ಸಾಗುವ ಅಲೆ ಹರಳೆಣ್ಣೆಯಲ್ಲಿ ಬೇಗನೆ ಸೊರಗುತ್ತದೆ. ಲವಣಜಲ ತುಂಬಿದ ಕುಳಿ ಶಸ್ತ್ರವೈದ್ಯರನ್ನು ಏಕೆ ಮೋಸಗೊಳಿಸುತ್ತದೆಂಬುದು ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸತೂ ಅಲ್ಲ. 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು ಶ್ರವಣಾತೀತ ಶಬ್ದದ ಅಲೆಗಳು ಬೆಳಕನ್ನು ಹೇಗೆ ಚೆದರಿಸುತ್ತವೆಂಬುದರ ಸಿದ್ಧಾಂತವನ್ನು ಮಂಡಿಸಿದರು. ಆ ಸಿದ್ಧಾಂತ ಇಂದಿಗೂ ಅವರ ಹೆಸರಿನಿಂದಲೇ ಜಗತ್ತಿಗೆ ಪರಿಚಿತವಾಗಿದೆ. ಶೋಧಕದಿಂದ ಹೊರಡುವ ಶಬ್ದದ ಕಿರಣವನ್ನು ಬೆಳಕಿನ ಸಹಾಯದಿಂದ ಕಣ್ಣಿಗೆ ಕಾಣುವಂತೆ ಮಾಡುವ ಪರೀಕ್ಷೆಗಳ ಹಿಂದೆಯೂ ಶಬ್ದ ಬೆಳಕನ್ನು ಬಾಗಿಸುವ ಈ ಸಂಬಂಧವೇ ಇದೆ. ಹೀಗಿದ್ದರೂ ನಮ್ಮ ದೇಶದಲ್ಲಿ ಬಳಕೆಯಾಗುವ ವೈದ್ಯಕೀಯ ಉಪಕರಣಗಳಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಬರುತ್ತದೆ. ಹತ್ತು ಮೆಗಾಹರ್ಟ್ಸಿಗೆ ಬೇಕಾದ ಪಿಂಗಾಣಿಯ ಹಲ್ಲೆಯ ದಪ್ಪ ಸುಮಾರು 0.2 ಮಿಲಿಮೀಟರು. ಅದನ್ನು ನೂರಾರು ತುಂಡುಗಳಾಗಿ ಸೀಳಿ ಒಂದೊಂದಕ್ಕೂ ತಂತಿ ಬೆಸೆಯುವ ಕೆಲಸ ಕಠಿಣವಾದುದು, ಆದರೆ ಅಸಾಧ್ಯವಾದುದಲ್ಲ. ಭೌತವಿಜ್ಞಾನ, ಲೋಹವಿದ್ಯೆ, ವಿದ್ಯುನ್ಮಾನ ಬಲ್ಲ ತರುಣರು ಕೂಡಿ ಶ್ರಮಿಸಿದರೆ ನಮ್ಮ ರೋಗಿಗಳಿಗೆ, ನಮ್ಮ ಆಸ್ಪತ್ರೆಗಳಿಗೆ ಒಪ್ಪುವ ಶೋಧಕಗಳನ್ನು ಇಲ್ಲಿಯೇ ರೂಪಿಸಬಹುದು.

ಭೌತವಿಜ್ಞಾನವನ್ನು ಓದಿದರೆ ಮುಂದೇನು ಎಂದು ತರುಣರು ಕೇಳುವುದುಂಟು. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಒಂದು ಉತ್ತರ ಕಾದಿದೆ. ಅಲ್ಲಿ ತರಂಗದೂರ, ಹೀರಿಕೆ, ಪ್ರತಿಫಲನ ಎಂಬ ಮಾತುಗಳು ಅಂಕಗಳಿಕೆಯ ಸಾಧನಗಳಲ್ಲ. ಮಲಗಿರುವ ಮನುಷ್ಯ ನಾಳೆ ಮಾತನಾಡುವನೆ, ನಡೆಯುವನೆ ಎಂಬುದನ್ನು ನಿರ್ಣಯಿಸುವ ಸಂಗತಿಗಳು. ಅವುಗಳನ್ನು ಆ ಗೌರವದಿಂದಲೇ ಕಲಿಯೋಣ, ಆ ಗೌರವದಿಂದಲೇ ಕಲಿಸೋಣ.